ಅಂಕದ ಲೆಕ್ಕವನ್ನು ಎಂಟನೇ ತರಗತಿಯಲ್ಲೇ ಹೇಳಿಕೊಡಿ: ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಸಚಿವರಿಗೆ, ಇಲಾಖೆಯ ಎಲ್ಲ ಅಧಿಕಾರಿಗಳಿಗೆ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಿರುವ ಸಂಸ್ಥೆಗಳ ಹಿರಿಯರಿಗೆ ನಮಸ್ಕಾರ.

ನಾನು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಪಿಯು ಕಾಲೇಜಿನ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಹತ್ತೊಂಬತ್ತು ವರ್ಷ ಆಯಿತು. ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ಅಡ್ಮಿಷನ್ ಟೇಬಲ್ ಹಿಂದೆ ಕೂರುವವರಲ್ಲಿ ನಾನೂ ಒಬ್ಬಳು. ಒಂದು ಕಡೆ ಎಸ್‌ಎಸ್‌ಎಲ್‌ಸಿ ಮುಗಿಸಿ ಬರುವ ಮಕ್ಕಳು. ಇನ್ನೊಂದು ಕಡೆ ಪಿಯುಸಿ ಮುಗಿಸಿ, ಟಿಸಿ ತಗೊಂಡು ಹೋಗಲು ಬರುವ ಮಕ್ಕಳು. ಇಬ್ಬರ ಕೈಯಲ್ಲೂ ಸೈಬರ್ ಸೆಂಟರ್‌ನಲ್ಲಿ ತೆಗೆಸಿದ ಅಂಕಪಟ್ಟಿ. ಹಿಂದೆ ಅಪ್ಪನೋ ಅವ್ವನೋ ನಿಂತಿರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಮೇಡಂ, ಇಷ್ಟು ಮಾರ್ಕ್ಸಿಗೆ ಏನು ಸಿಗ್ತದ್ರಿ?"

ಆ ಪ್ರಶ್ನೆಗೆ ಉತ್ತರ ಇದೆ. ನಿಯಮ ಎಲ್ಲವೂ ಅಚ್ಚಾಗಿದೆ, ವೆಬ್‌ಸೈಟಿನಲ್ಲೂ ಇದೆ. ಆದರೆ ಅವರು ಅದನ್ನು ಕೇಳುವ ಹೊತ್ತಿಗೆ ಅಂಕ ಬಂದು ಮುಗಿದಿರುತ್ತದೆ. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಅಂಕ ಎಲ್ಲಿ ಲೆಕ್ಕಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ, ಯಾವ ಅಂಕದ ಮೇಲೆ ಯಾವ ದುಡ್ಡು ಸಿಗುತ್ತದೆ ಎನ್ನುವುದನ್ನು ಮಗು ಪರೀಕ್ಷೆ ಬರೆಯುವ ಮೊದಲೇ ತಿಳಿಸಬೇಕು. ಎಂಟನೇ ತರಗತಿಯಲ್ಲೇ ತಿಳಿಸಬೇಕು. ಇಲಾಖೆಯೇ ತಿಳಿಸಬೇಕು.

ಒಬ್ಬ ಹುಡುಗಿಯ ಕಥೆ ಹೇಳುತ್ತೇನೆ. ಹೆಸರು ಬೇಡ. ಅವಳ ಅಪ್ಪ ದಾಲ್ ಮಿಲ್‌ನಲ್ಲಿ ಹಮಾಲಿ. ಚುರುಕಾದ ಹುಡುಗಿ. ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಓದಬೇಕು ಎಂಬ ಆಸೆ. ಎರಡನೇ ಪಿಯುಸಿ ವರ್ಷವಿಡೀ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯ ಪುಸ್ತಕ ಹಿಡಿದೇ ಕೂತಿದ್ದಳು. ಸಂಜೆ ಒಂದು ಕೋಚಿಂಗ್‌ಗೆ ಹೋಗುತ್ತಿದ್ದಳು. ಅಲ್ಲಿ ಯಾರೋ ಅವಳಿಗೆ ಹೇಳಿದ್ದರು, ಪಿಯುಸಿ ಸುಮ್ನೆ ಪಾಸಾದರೆ ಸಾಕು, ಎಲ್ಲಾ ಸಿಇಟಿ ಮೇಲೇ ಅಂತ. ಫಲಿತಾಂಶ ಬಂತು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 300ಕ್ಕೆ 186. ಸಿಇಟಿಯಲ್ಲಿ 180ಕ್ಕೆ 117. ಸಿಇಟಿ ಅಂಕ ನೋಡಿ ಖುಷಿಯಾಗಿ ಓಡಿ ಬಂದಿದ್ದಳು. ರ್‍ಯಾಂಕ್ ಬಂದ ದಿನ ಮುಖ ಬಾಡಿತ್ತು. "ಮೇಡಂ, ನನಗಿಂತ ಸಿಇಟಿನಾಗ ಕಮ್ಮಿ ಬಂದವ್ರ ರ್‍ಯಾಂಕ್ ನನಗಿಂತ ಮುಂದ ಹೆಂಗ್ರಿ?"

ಎಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿಯ ಈ ಮೂರು ವಿಷಯದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅವಳ ಪಿಯುಸಿ ಶೇ 62, ಸಿಇಟಿ ಶೇ 65. ಎರಡೂ ಸೇರಿ ಅರ್ಧ ಮಾಡಿದರೆ 63.5. ಅದೇ ಹುಡುಗಿ ಪಿಯುಸಿಯಲ್ಲಿ 300ಕ್ಕೆ 240 ತೆಗೆದಿದ್ದರೆ 72.5 ಆಗುತ್ತಿತ್ತು. ಅವಳ ಬುದ್ಧಿಗೆ 240 ಕಷ್ಟವೇನೂ ಇರಲಿಲ್ಲ. ನಾನು ಅವಳ ಟೀಚರ್, ನನಗೆ ಗೊತ್ತು. ಆ ಒಂಬತ್ತು ಅಂಕದ ಅಂತರದಲ್ಲಿ ಎಷ್ಟು ಸಾವಿರ ಮಕ್ಕಳು ಅವಳ ಮುಂದೆ ದಾಟಿ ಹೋದರೋ.

ಆವತ್ತು ಕಪ್ಪುಹಲಗೆಯ ಮೇಲೆ ಒಂದು ಲೆಕ್ಕ ಮಾಡಿದೆ. ಪಿಯುಸಿಯ 10 ಅಂಕ ಅಂದರೆ 300ರಲ್ಲಿ ಮೂವತ್ತನೇ ಒಂದು ಪಾಲು. ಸಿಇಟಿಯ 180ರಲ್ಲಿ ಮೂವತ್ತನೇ ಒಂದು ಪಾಲು ಅಂದರೆ 6. ಅಲ್ಲಿಗೆ ಪಿಯುಸಿಯ 10 ಅಂಕ ಸಿಇಟಿಯ 6 ಪ್ರಶ್ನೆಗೆ ಸಮ. ಸಿಇಟಿಯಲ್ಲಿ ಆರು ಪ್ರಶ್ನೆ ಜಾಸ್ತಿ ಸರಿ ಮಾಡಲು ಮಕ್ಕಳು ತಿಂಗಳುಗಟ್ಟಲೆ ಕೋಚಿಂಗ್‌ಗೆ ಹೋಗುತ್ತಾರೆ, ಅಪ್ಪ ಅವ್ವ ಸಾಲ ಮಾಡುತ್ತಾರೆ. ಪಿಯುಸಿಯ ಹತ್ತು ಅಂಕ ಪಠ್ಯಪುಸ್ತಕದ ಹಿಂದಿನ ಅಭ್ಯಾಸ ಪ್ರಶ್ನೆಗಳಲ್ಲಿ ಬಿದ್ದಿರುತ್ತದೆ. ಈಗ ಪ್ರತಿ ವರ್ಷ ಎರಡನೇ ಪಿಯುಸಿಯ ಮೊದಲ ದಿನ ನಾನು ಪಾಠ ಶುರು ಮಾಡುವುದು ಈ ಲೆಕ್ಕದಿಂದಲೇ. ಮಕ್ಕಳು ಬೆರಗಾಗಿ ನೋಡುತ್ತಾರೆ. ಆದರೆ ಈ ಲೆಕ್ಕ ನನ್ನ ಕ್ಲಾಸಿಗೆ ಮಾತ್ರ ಗೊತ್ತಾದರೆ ಏನು ಬಂತು?

ಎಲ್ಲ ಕಡೆ ಇದೇ ಲೆಕ್ಕ ಅಂದುಕೊಂಡರೆ ಅದೂ ತಪ್ಪು. ಮೆಡಿಕಲ್‌ಗೆ ಈಗ ನೀಟ್ ಪರೀಕ್ಷೆ ಒಂದೇ ದಾರಿ. ಅಲ್ಲಿ ಪಿಯುಸಿ ಅಂಕ ರ್‍ಯಾಂಕಿಗೆ ಸೇರುವುದಿಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲಾತಿ ಇರುವವರಿಗೆ ಶೇ 40 ಇದ್ದರೆ ಒಳಗೆ ಬಿಡುತ್ತಾರೆ. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆಯಲ್ಲೂ ಹಾಗೆಯೇ, ರ್‍ಯಾಂಕ್ ಅವರ ಪರೀಕ್ಷೆಯದ್ದು, ಪಿಯುಸಿ ಅಂಕ ಅರ್ಹತೆಗೆ ಮಾತ್ರ. ಧಾರವಾಡದ ಐಐಟಿಗೋ ಸುರತ್ಕಲ್ಲಿನ ಎನ್‌ಐಟಿಗೋ ಹೋಗಬೇಕಾದರೆ ಜೆಇಇ ರ್‍ಯಾಂಕ್ ಜೊತೆಗೆ ಹನ್ನೆರಡನೇ ತರಗತಿಯಲ್ಲಿ ಶೇ 75 ಇರಬೇಕು, ಇಲ್ಲವೇ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿ, ಅಂದರೆ ನೂರಕ್ಕೆ ಮೊದಲ ಇಪ್ಪತ್ತು ಮಕ್ಕಳಲ್ಲಿ, ಇರಬೇಕು. ಪರಿಶಿಷ್ಟರಿಗೆ ಮತ್ತು ಅಂಗವಿಕಲ ಮಕ್ಕಳಿಗೆ ಶೇ 65.

ನಾನು ಮಕ್ಕಳಿಗೆ ಹೇಳುವುದು ಹೀಗೆ: ಅಂಕ ಕೆಲವು ಕಡೆ ಹೊಸ್ತಿಲು, ಕೆಲವು ಕಡೆ ತಕ್ಕಡಿ. ಹೊಸ್ತಿಲಾದರೆ ದಾಟಿದರೆ ಸಾಕು, ಎಷ್ಟು ಎತ್ತರಕ್ಕೆ ಕಾಲೆತ್ತಿದಿರಿ ಎಂದು ಯಾರೂ ಕೇಳುವುದಿಲ್ಲ. ತಕ್ಕಡಿಯಾದರೆ ಒಂದೊಂದು ಕಾಳಿಗೂ ಬೆಲೆ. ತೊಗರಿ ನಾಡಿನ ಮಕ್ಕಳಿಗೆ ತಕ್ಕಡಿಯ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಯಾವುದು ಹೊಸ್ತಿಲು, ಯಾವುದು ತಕ್ಕಡಿ ಅಂತ ಗೊತ್ತಿಲ್ಲದೆ ಓದುವುದು ಮಾತ್ರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದಂತೆ.

ಪಾಸ್ ಅಂಕದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 2025-26ರಿಂದ ಎಸ್‌ಎಸ್‌ಎಲ್‌ಸಿ, ಪಿಯುಸಿ ಪಾಸಾಗಲು ಒಟ್ಟು ಶೇ 33 ಸಾಕು ಎಂದು ಮಾಡಿದ್ದೀರಿ. ಎಸ್‌ಎಸ್‌ಎಲ್‌ಸಿಯಲ್ಲಿ 625ಕ್ಕೆ 206, ಪಿಯುಸಿಯಲ್ಲಿ 600ಕ್ಕೆ 198. ಪ್ರತಿ ವಿಷಯದಲ್ಲಿ ಕನಿಷ್ಠ 30. ನಾನು ಇದನ್ನು ವಿರೋಧಿಸುವುದಿಲ್ಲ. ಒಂದೆರಡು ಅಂಕಕ್ಕೆ ಫೇಲಾಗಿ ಮದುವೆ ಮಂಟಪಕ್ಕೆ ಹೋದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಇದು ದೊಡ್ಡ ಆಸರೆ. ಆದರೆ ಪಾಸಾದ ಮಗುವಿಗೆ ಮುಂದಿನ ಮಾತನ್ನೂ ಹೇಳಬೇಕಲ್ವಾ? ಎಂಜಿನಿಯರಿಂಗ್‌ನ ಹೊಸ್ತಿಲು ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗಗಳಿಗೆ ಶೇ 40. ಐದು ವರ್ಷದ ಕಾನೂನು ಪದವಿಗೂ ಹೆಚ್ಚುಕಡಿಮೆ ಅಷ್ಟೇ. 33ರಲ್ಲಿ ಪಾಸಾಗಿ, ಊರಲ್ಲಿ ಪೇಡಾ ಹಂಚಿ, ಆಮೇಲೆ ನನ್ನ ಟೇಬಲ್ ಮುಂದೆ ಬಂದು ನಿಂತ ಮಗುವಿಗೆ ಈ 45ರ ಮಾತನ್ನು ಮೊದಲ ಸಲ ಹೇಳುವವಳು ನಾನು ಆಗಬಾರದು.

ದುಡ್ಡಿನ ವಿಷಯ ಇನ್ನೂ ಮುಖ್ಯ. ನಮ್ಮ ಕಡೆ ಸೀಟು ಸಿಕ್ಕೂ ಓದು ನಿಲ್ಲುವುದು ದುಡ್ಡಿಲ್ಲದೆ. ಯಾವ ತರಗತಿಯ ಅಂಕ ಯಾವ ಹಣಕ್ಕೆ ಬಾಗಿಲು ತೆರೆಯುತ್ತದೆ ಎನ್ನುವುದು ಬಹಳ ಬೇಗ ಶುರುವಾಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಉಪನ್ಯಾಸಕರಿಗೇ ಇದು ಪೂರ್ತಿ ಗೊತ್ತಿರುವುದಿಲ್ಲ.

ಎನ್‌ಎಂಎಂಎಸ್ ತಗೊಳ್ಳಿ, ಬಡ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ವಿದ್ಯಾರ್ಥಿವೇತನ. ಎಂಟನೇ ತರಗತಿಯಲ್ಲಿ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ಮನೆಯ ಆದಾಯ ವರ್ಷಕ್ಕೆ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಹಮಾಲಿ ಮಾಡುವವರ ಮನೆಯಲ್ಲಿ ಅದು ಎಷ್ಟು ದೊಡ್ಡ ಮೊತ್ತ ಅಂತ ನಿಮಗೆ ಗೊತ್ತು. ಆದರೆ ಈ ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ 55 ಇರಬೇಕು, ಪರಿಶಿಷ್ಟರಿಗೆ ಐದು ಕಡಿಮೆ. ಏಳನೇ ತರಗತಿ! ಹನ್ನೆರಡು, ಹದಿಮೂರು ವರ್ಷದ ಮಗು. ಮುಂದೆ ಪಿಯುಸಿಯಲ್ಲೂ ಹಣ ಬರುತ್ತಿರಬೇಕಾದರೆ ಹತ್ತನೇ ತರಗತಿಯಲ್ಲಿ ಶೇ 60 ಬರಬೇಕು, ಪರಿಶಿಷ್ಟರಿಗೆ ಶೇ 55. ಎರಡು ವರ್ಷದ ಹಿಂದೆ ಪ್ರಥಮ ಪಿಯುಸಿಗೆ ಸೇರಿದ ಒಬ್ಬ ಹುಡುಗ ಬಂದು ಕೇಳಿದ, "ಮೇಡಂ, ರೊಕ್ಕ ಯಾಕ ಬರವಲ್ದು?" ಅವನ ಎಸ್‌ಎಸ್‌ಎಲ್‌ಸಿ ಶೇ 58 ಇತ್ತು. ಸಾಮಾನ್ಯ ವರ್ಗದ ಹುಡುಗ. ಶೇ 60ರ ಮಾತು ಅವನಿಗೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದಿದ್ದರೆ ಇನ್ನೊಂದು ಹದಿಮೂರು ಅಂಕ ತೆಗೆಯಲು ಅವನಿಗೆ ಆಗುತ್ತಿರಲಿಲ್ಲವೇ? ಆ ಹದಿಮೂರು ಅಂಕದ ಬೆಲೆ ಅವನ ಮನೆಗೆ 24,000 ರೂಪಾಯಿ.

ಪರಿಶಿಷ್ಟ ಜಾತಿಯ ಮಕ್ಕಳು ಎರಡನೇ ಪಿಯುಸಿಯನ್ನು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆ 20,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಪ್ರಥಮ ದರ್ಜೆ ಅಂದರೆ 600ಕ್ಕೆ 360. ನನ್ನ ಒಬ್ಬ ವಿದ್ಯಾರ್ಥಿನಿಗೆ 357 ಬಂದಿತ್ತು. ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಹಾಕಬಹುದು ಅಂತ ಅವಳಿಗೆ ತಿಳಿದದ್ದು ಕೊನೆ ದಿನಾಂಕ ಮುಗಿದ ಮೇಲೆ. ಹಾಕಿದ್ದರೆ ಮೂರು ಅಂಕ ಬರುತ್ತಿತ್ತೋ ಇಲ್ಲವೋ, ನಾನು ಹೇಳಲಾರೆ. ಆದರೆ ಕೇಳುವ ಅವಕಾಶವೇ ಅವಳಿಗೆ ಇಲ್ಲದಂತೆ ಆಯಿತು.

ಕೇಂದ್ರ ಸರ್ಕಾರದ ಇನ್ನೊಂದು ವಿದ್ಯಾರ್ಥಿವೇತನ ಇದೆ, ಕಾಲೇಜು ಮತ್ತು ವಿಶ್ವವಿದ್ಯಾಲಯದ ಮಕ್ಕಳಿಗೆ. ಹನ್ನೆರಡನೇ ತರಗತಿಯಲ್ಲಿ ತಮ್ಮ ವಿಭಾಗದ 80ನೇ ಪರ್ಸೆಂಟೈಲ್‌ಗಿಂತ ಮೇಲೆ ಇರಬೇಕು. ಆದಾಯ ನಾಲ್ಕೂವರೆ ಲಕ್ಷದೊಳಗೆ. ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 82,000 ಹೊಸ ಮಕ್ಕಳಿಗೆ. ಅರ್ಧ ಹುಡುಗಿಯರಿಗೆ. ಇಲ್ಲಿ ನಮ್ಮ ಮಕ್ಕಳು ಎಡವುವುದು 'ಪರ್ಸೆಂಟೈಲ್' ಎಂಬ ಒಂದೇ ಪದದಲ್ಲಿ. ಅದನ್ನು ಅವರು ಶೇ 80 ಅಂಕ ಅಂತ ಓದಿಕೊಳ್ಳುತ್ತಾರೆ. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಮೊದಲ ಇಪ್ಪತ್ತು ಮಕ್ಕಳಲ್ಲಿ ನೀನಿದ್ದೀಯಾ ಅಂತ ಅದರ ಅರ್ಥ. ಅದೂ ನಿನ್ನ ವಿಭಾಗದಲ್ಲಿ. ಕಲಾ ವಿಭಾಗದ ಹುಡುಗಿ ವಿಜ್ಞಾನದವರ ಜೊತೆ ಪೈಪೋಟಿ ಮಾಡಬೇಕಾಗಿಲ್ಲ. ನಮ್ಮ ಕಾಲೇಜಿನಲ್ಲಿ ಕಲಾ ವಿಭಾಗಕ್ಕೆ ಮೊದಲು ಬಂದ ಹುಡುಗಿಯೇ ಒಂದು ವರ್ಷ ಅರ್ಜಿ ಹಾಕಲಿಲ್ಲ. "ಅದು ಸೈನ್ಸ್‌ನವರಿಗೆ ಅಲ್ಲೇನ್ರಿ ಮೇಡಂ?" ಎಂದಳು.

ವಿಜ್ಞಾನದವರಿಗೆ ಮಾತ್ರ ಇರುವುದು ಇನ್‌ಸ್ಪೈರ್ ಎಂಬ ವಿದ್ಯಾರ್ಥಿವೇತನ. 2008ರಲ್ಲಿ ಶುರುವಾದದ್ದು. ಬೋರ್ಡಿನ ಮೊದಲ ಶೇ 1ರಲ್ಲಿ ಬಂದ ಮಗು ಬಿ.ಎಸ್ಸಿ.ಯಂಥ ಮೂಲ ವಿಜ್ಞಾನದ ಕೋರ್ಸಿಗೆ ಸೇರಿದರೆ ವರ್ಷಕ್ಕೆ 80,000 ರೂಪಾಯಿ. ಎಂಜಿನಿಯರಿಂಗ್‌ಗೆ, ಮೆಡಿಕಲ್‌ಗೆ ಹೋದರೆ ಇಲ್ಲ. ಬಿ.ಎಸ್ಸಿ. ಅಂದರೆ ಸೀಟು ಸಿಗದವರು ಹೋಗುವ ಜಾಗ ಅಂತ ನಮ್ಮ ಊರುಗಳಲ್ಲಿ ಮೂಗು ಮುರಿಯುತ್ತಾರೆ. ಬಿ.ಎಸ್ಸಿ. ಓದುವ ಮಗುವಿಗೆ ವರ್ಷಕ್ಕೆ 80,000 ಬರಬಹುದು ಅಂತ ಗೊತ್ತಾದರೆ ಮನೆಯಲ್ಲಿ ಆ ಮಾತೇ ಬೇರೆ ಆಗುತ್ತದೆ.

ಸೀಟು, ವಿದ್ಯಾರ್ಥಿವೇತನದ ಆಚೆಗೂ ಒಂದು ವಿಷಯ ಇದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಕೆಲಸಕ್ಕೆ ಪರೀಕ್ಷೆಯೇ ಇಲ್ಲ. ಹತ್ತನೇ ತರಗತಿಯ ಅಂಕದ ಮೇಲೆ ಪಟ್ಟಿ ಮಾಡುತ್ತಾರೆ. ಡಿಪ್ಲೊಮಾ ಸೀಟೂ ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗುವ ದಾರಿಯೂ ಇದೆ. ಪಿಯುಸಿಗೆ ಬಂದರೆ ಹತ್ತನೇ ತರಗತಿಯ ಅಂಕ ಯಾರು ಕೇಳ್ತಾರೆ ಅನ್ನುವ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆ ರದ್ದಾಯಿತು. ಆಗ ಎರಡನೇ ಪಿಯುಸಿಯ ಅಂಕ ಲೆಕ್ಕ ಹಾಕಿದ್ದು ಹೇಗೆ? ಎಸ್‌ಎಸ್‌ಎಲ್‌ಸಿ ಅಂಕಕ್ಕೆ ಶೇ 45, ಪ್ರಥಮ ಪಿಯುಸಿಗೆ ಶೇ 45, ಆಂತರಿಕ ಮೌಲ್ಯಮಾಪನಕ್ಕೆ ಶೇ 10. ಆ ವರ್ಷ 2,239 ಮಕ್ಕಳಿಗೆ 600ಕ್ಕೆ 600 ಬಂತು. ಆ ವರ್ಷದ ಸಿಇಟಿ ರ್‍ಯಾಂಕಿಗೆ ಪಿಯುಸಿ ಅಂಕ ಸೇರಿಸಲಿಲ್ಲ. ಮುಂದಿನ ವರ್ಷ ಅದೇ ಮಕ್ಕಳು ಮತ್ತೆ ಸಿಇಟಿ ಬರೆದಾಗ ಅವರ ಪಿಯುಸಿ ಅಂಕ ಲೆಕ್ಕಕ್ಕೆ ಬರಬೇಕೋ ಬೇಡವೋ ಎಂದು ವಿಷಯ ಹೈಕೋರ್ಟಿನವರೆಗೂ ಹೋಯಿತು. ಕೊನೆಗೆ ಒಂದು ಸೂತ್ರ ಮಾಡಿ ಬಗೆಹರಿಸಬೇಕಾಯಿತು. ಅಂಥ ಕಾಲ ಮತ್ತೆ ಬಾರದಿರಲಿ. ಆದರೆ ಹತ್ತನೇ ತರಗತಿಯಲ್ಲಿ ಉದಾಸೀನ ಮಾಡಿದ ಮಕ್ಕಳು ಆಗ ಹೇಗೆ ಅತ್ತರು ಎನ್ನುವುದು ನನಗಿನ್ನೂ ನೆನಪಿದೆ.

ಅಂಕ ಇದ್ದೂ ಸೋತ ಮಕ್ಕಳ ಕಥೆಯನ್ನೂ ನೀವು ಕೇಳಬೇಕು. ಸಿಇಟಿ ಸೀಟಿನಲ್ಲಿ ಗ್ರಾಮೀಣ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ಓದು ಲೆಕ್ಕ. ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ಅಡಿ ಬೇರೆ ಮೀಸಲಾತಿಯೂ ಇದೆ. ಇದೆಲ್ಲ ನಮ್ಮ ಮಕ್ಕಳಿಗಾಗಿಯೇ ಮಾಡಿದ್ದು. ಇದಕ್ಕಾಗಿ ಹಿರಿಯರು ಹೋರಾಡಿದ್ದಾರೆ. ಆದರೆ ಗ್ರಾಮೀಣ ಮೀಸಲಾತಿ ಸಿಗಬೇಕಾದರೆ ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಹಾಕಿಸಬೇಕು. ನನ್ನ ಒಬ್ಬ ವಿದ್ಯಾರ್ಥಿ ಮೂರು ಹಳ್ಳಿಗಳಲ್ಲಿ ಓದಿದವನು. ಅಪ್ಪ ಅವ್ವ ಗುಳೆ ಹೋದಾಗ ಒಮ್ಮೆ ಅಜ್ಜಿಯ ಮನೆ, ಒಮ್ಮೆ ಸೋದರಮಾವನ ಮನೆ. ಮೂರೂ ಹಳ್ಳಿಯೇ, ಮೂರೂ ಕನ್ನಡ ಶಾಲೆಯೇ. ಅವನಷ್ಟು ಅರ್ಹ ಯಾರಿದ್ದಾರೆ? ಆದರೆ ಒಂದು ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಹುಡುಕಿ ಕೊಡುವುದು ತಡವಾಯಿತು. ಅಷ್ಟರಲ್ಲಿ ದಾಖಲೆ ಪರಿಶೀಲನೆಯ ದಿನ ಮುಗಿಯಿತು. ಆ ಎರಡು ಮೀಸಲಾತಿಗೆ ಅರ್ಹನಾದ ಹುಡುಗ ಎರಡೂ ಇಲ್ಲದೆ ಕೌನ್ಸೆಲಿಂಗ್‌ಗೆ ಹೋದ. ಅವನ ಅವ್ವ ನನ್ನನ್ನು ಕೇಳಿದಳು, "ನಮ್ಮ ಹುಡುಗ ಹಳ್ಳ್ಯಾಗ ಓದ್ಯಾನ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಮತ್ತ ಕಾಗದ ಯಾಕವ್ವ?" ಆ ತಾಯಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಹತ್ತನೇ ತರಗತಿ ಮುಗಿದ ದಿನ, ಟಿಸಿ ಕೊಡುವಾಗಲೇ, ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರವನ್ನೂ ಮಗುವಿನ ಕೈಗೆ ಕೊಡಿ. ಬಿಇಒ ಸಹಿ ಸಮೇತ. ಕೇಳಿದವರಿಗೆ ಮಾತ್ರ ಬೇಡ, ಎಲ್ಲರಿಗೂ ಕೊಡಿ. ಮಗು ಯಾವ ಶಾಲೆಯಿಂದ ಯಾವ ಶಾಲೆಗೆ ಹೋಯಿತು ಎನ್ನುವುದು ಈಗ ಇಲಾಖೆಯ ಕಂಪ್ಯೂಟರಿನಲ್ಲೇ ಇದೆ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಯಾವಾಗ ಹೋಗಬೇಕು, ರಾಜ್ಯದ ವಿದ್ಯಾರ್ಥಿವೇತನದ ವೆಬ್‌ಸೈಟ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕುವ ಮೊದಲು ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬೇಕು ಎನ್ನುವುದನ್ನೂ ಆವತ್ತೇ ಹೇಳಿ ಕಳಿಸಿ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿನ ಆರ್‌ಡಿ ನಂಬರ್ ತಪ್ಪಾಗಿದೆ ಅಂತ ವಿದ್ಯಾರ್ಥಿವೇತನ ನಿಂತ ಮಕ್ಕಳು ಪ್ರತಿ ವರ್ಷ ನಮ್ಮ ಕಾಲೇಜಿನಲ್ಲೇ ಇರುತ್ತಾರೆ.

ಈಗ ವಿದ್ಯಾರ್ಥಿವೇತನ ಕೊಡುವ ಸಂಸ್ಥೆಗಳ ಹಿರಿಯರಿಗೆ ಒಂದು ಮಾತು. ನೀವು ಮಾಡುತ್ತಿರುವುದು ಪುಣ್ಯದ ಕೆಲಸ. ವಿದ್ಯಾಧನ್‌ನಂಥ ವಿದ್ಯಾರ್ಥಿವೇತನದಿಂದ ಓದಿ ದಾರಿ ಕಂಡುಕೊಂಡ ಮಕ್ಕಳು ಎಷ್ಟೋ ಮಂದಿ. ಎಸ್‌ಎಸ್‌ಎಲ್‌ಸಿಯಲ್ಲಿ ಶೇ 90, ಮನೆಯ ಆದಾಯ ಎರಡು ಲಕ್ಷದೊಳಗೆ ಎಂಬ ಅಲ್ಲಿಯ ನಿಯಮ ನನಗೆ ಅರ್ಥವಾಗುತ್ತದೆ. ದುಡ್ಡು ಕಡಿಮೆ, ಕೇಳುವವರು ಜಾಸ್ತಿ. ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಆದರೆ 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ನೋಡಿ. ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು. ನಮ್ಮ ಕಲಬುರಗಿ ಶೇ 42.43ರೊಂದಿಗೆ ಕೊನೆ. ನಮ್ಮ ಮಕ್ಕಳು ದಡ್ಡರಲ್ಲ. ಗಣಿತದ ಮೇಷ್ಟ್ರೇ ಇಲ್ಲದ ಹೈಸ್ಕೂಲಿನಿಂದ ಬಂದ ಮಕ್ಕಳಿಗೆ ನಾನು ಪಾಠ ಮಾಡಿದ್ದೇನೆ. ತೊಗರಿ ಕಟಾವಿನ ಹೊತ್ತಿಗೆ ತಿಂಗಳುಗಟ್ಟಲೆ ಶಾಲೆ ಬಿಟ್ಟು ಹೊಲದಲ್ಲಿದ್ದ ಮಕ್ಕಳಿಗೂ ಪಾಠ ಮಾಡಿದ್ದೇನೆ. ಅಂಥ ಶಾಲೆಯಲ್ಲಿ ಓದಿ ಶೇ 78 ತೆಗೆದ ಮಗು ಮತ್ತು ಎಲ್ಲ ಅನುಕೂಲ ಇದ್ದು ಶೇ 92 ತೆಗೆದ ಮಗು, ಯಾರ ಓದು ದೊಡ್ಡದು? ಗೆರೆಯನ್ನು ಜಿಲ್ಲೆಗೆ ತಕ್ಕಂತೆ ಎಳೆಯಿರಿ. ಇಲ್ಲವೇ ಆ ಶಾಲೆಗೇ ಮೊದಲು ಬಂದ ಮಗುವಿಗೆ ಕೊಡಿ.

ಗೆರೆಯೇ ಇಲ್ಲದೆಯೂ ಕೊಡಬಹುದು ಎಂಬುದಕ್ಕೆ ಈಗ ಕಣ್ಣ ಮುಂದೆ ಉದಾಹರಣೆ ಇದೆ. ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿ ಪದವಿಗೆ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತಿದೆ. ಇಷ್ಟೇ ಅಂಕ ಬರಬೇಕು ಎಂದು ಕೇಳುವುದಿಲ್ಲ. ಓದು ಬಿಡದೆ ಮುಂದುವರಿಸು ಎನ್ನುತ್ತದೆ, ಅಷ್ಟೇ. ನಮ್ಮ ಕಾಲೇಜಿನಿಂದ ಹೋದ ಒಬ್ಬ ಹುಡುಗಿ ಅದರ ಬಗ್ಗೆ ಹೇಳಲು ಫೋನ್ ಮಾಡಿದ್ದಳು. ಪಿಯುಸಿಯಲ್ಲಿ ಶೇ 51 ತೆಗೆದವಳು. ಅವಳ ಅಪ್ಪ ಆ ಜೂನ್‌ನಲ್ಲೇ ಗಂಡು ನೋಡಲು ಶುರು ಮಾಡಿದ್ದ. ಈಗ ಬಿ.ಎ. ಮಾಡುತ್ತಿದ್ದಾಳೆ.

ಇಲಾಖೆಗೆ ಮತ್ತೆ ಬರುತ್ತೇನೆ. ನನ್ನ ಬೇಡಿಕೆಗೆ ದೊಡ್ಡ ಬಜೆಟ್ ಬೇಕಾಗಿಲ್ಲ. ನಾಲ್ಕು ಪುಟದ ಒಂದು ಕಾಗದ. ಸರಳ ಕನ್ನಡದಲ್ಲಿ, ನಮ್ಮ ಭಾಗಕ್ಕೆ ಉರ್ದು, ಗಡಿ ತಾಲ್ಲೂಕುಗಳಿಗೆ ಮರಾಠಿ, ತೆಲುಗಿನಲ್ಲೂ. ಎಂಟನೇ ತರಗತಿಗೆ ಬಂದ ಪ್ರತಿ ಮಗುವಿಗೆ ಜೂನ್‌ನಲ್ಲಿ ಕೊಡಿ. ಸುಮ್ನೆ ಹಂಚಿ ಬಿಟ್ಟರೆ ಅದು ರೊಟ್ಟಿ ಕಟ್ಟಲು ಹೋಗುತ್ತದೆ. ಪೋಷಕರ ಸಭೆಯಲ್ಲಿ ಒಬ್ಬ ಶಿಕ್ಷಕರು ಅದನ್ನು ಗಟ್ಟಿಯಾಗಿ ಓದಿ ವಿವರಿಸಲಿ. ಓದಲು ಬಾರದ ಅವ್ವಂದಿರೂ ಕೇಳಿಸಿಕೊಳ್ಳಲಿ. ನಿಯಮ ಬದಲಾದ ವರ್ಷ ಕಾಗದವೂ ಬದಲಾಗಲಿ. ಹಾಸ್ಟೆಲಿನ ಗೋಡೆಯ ಮೇಲೆ ಅಂಟಿಸಿ. ಪರೀಕ್ಷೆ-1ರಲ್ಲಿ ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಪರೀಕ್ಷೆ-2 ಬರೆಯಬಹುದು, ಉತ್ತಮ ಅಂಕವೇ ಉಳಿಯುತ್ತದೆ ಎನ್ನುವುದನ್ನು ಅದರಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಇದು ನೀವೇ ತಂದ ಒಳ್ಳೆಯ ಬದಲಾವಣೆ. ಎರಡನೇ ಪರೀಕ್ಷೆ ಅಂದರೆ ಫೇಲಾದವರಿಗೆ ಮಾತ್ರ ಅಂತ ನಮ್ಮ ಊರುಗಳಲ್ಲಿ ಈಗಲೂ ನಂಬಿದ್ದಾರೆ.

ಅಂಕದ ಬಗ್ಗೆ ಇಷ್ಟು ಮಾತಾಡಿದರೆ ಮಕ್ಕಳ ಮೇಲೆ ಒತ್ತಡ ಜಾಸ್ತಿ ಆಗುವುದಿಲ್ಲವೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಕಂಡದ್ದು ಮಾತ್ರ ಬೇರೆ. ಏನೂ ಗೊತ್ತಿಲ್ಲದ ಮಗುವಿಗೆ ಎಲ್ಲ ಅಂಕವೂ ಭಯವೇ. ಶೇ 95 ಬರದಿದ್ದರೆ ಬದುಕೇ ಮುಗಿಯಿತು ಎಂದು ಅಂದುಕೊಂಡಿರುತ್ತದೆ. ನೀನು ಅಂದುಕೊಂಡ ಕೋರ್ಸಿಗೆ ಇಷ್ಟು ಬೇಕು, ಈ ಹಣಕ್ಕೆ ಇಷ್ಟು ಬೇಕು, ಇದಕ್ಕೆ ಅಂಕವೇ ಬೇಡ ಎಂದು ಕೂರಿಸಿ ಹೇಳಿದರೆ ಮಗುವಿನ ಉಸಿರು ನಿಧಾನ ಆಗುವುದನ್ನು ನಾನು ನೋಡಿದ್ದೇನೆ. ಫಲಿತಾಂಶದ ದಿನ ನನ್ನ ಫೋನ್ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ. ಯಾಕೆ ಅಂತ ನಿಮಗೂ ಗೊತ್ತು.

ಹೋದ ಜೂನ್‌ನಲ್ಲಿ ಇಂಥ ಒಂದು ಕಾಗದವನ್ನು ನಾನೇ ಕೈಯಲ್ಲಿ ಬರೆದೆ. 120 ಪ್ರತಿ ಜೆರಾಕ್ಸ್ ಮಾಡಿಸಿ ಸುತ್ತಲಿನ ಎರಡು ಹೈಸ್ಕೂಲಿಗೆ ಹೋಗಿ ಹಂಚಿದೆ. ಮುಖ್ಯ ಶಿಕ್ಷಕರು ಪ್ರೀತಿಯಿಂದ ಒಂದು ಪೀರಿಯಡ್ ಬಿಟ್ಟುಕೊಟ್ಟರು. ಮಕ್ಕಳು ಕಣ್ಣರಳಿಸಿ ಕೇಳಿದರು. ಸಂಜೆ ಒಬ್ಬ ತಂದೆ ಆ ಕಾಗದ ಹಿಡಿದುಕೊಂಡು ಬಂದರು. ಹೆಗಲ ಮೇಲೆ ಟವೆಲ್, ಕಾಲಲ್ಲಿ ಹೊಲದ ಮಣ್ಣು. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು, "ಇದರ ಮ್ಯಾಲ ಸರ್ಕಾರದ ಸಿಕ್ಕಾ ಇಲ್ಲಲ್ರಿ ಮೇಡಂ. ಇದು ಖರೇನೇನ್ರಿ?"

ಆ ಕಾಗದದ ಒಂದು ಪ್ರತಿಯನ್ನು ಈ ಪತ್ರದ ಜೊತೆ ನಿಮಗೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅದರಲ್ಲಿ ತಪ್ಪಿದ್ದರೆ ದಯವಿಟ್ಟು ತಿದ್ದಿ. ಬಿಟ್ಟು ಹೋಗಿದ್ದರೆ ಸೇರಿಸಿ. ಆಮೇಲೆ ನಿಮ್ಮ ಸಿಕ್ಕಾ ಹಾಕಿ, ಬರುವ ಜೂನ್‌ಗೆ ಮುಂಚೆ ನಮ್ಮ ಹೈಸ್ಕೂಲುಗಳಿಗೆ ಕಳಿಸಿಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗಣಿತ ಉಪನ್ಯಾಸಕಿ
ಕಲಬುರಗಿ ಜಿಲ್ಲೆ